ಬಟೆನ್‌ಹೈಮ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಜೀನ್ಸ್ ಹಿಂದಿನ ವಲಸಿಗ ಲೆವಿ ಸ್ಟ್ರಾಸ್

ಮಂಗಳೂರಿನ ಯಾವ ಬಟ್ಟೆ ಅಂಗಡಿಗೆ ಹೋದರೂ, ಕಾಸರಗೋಡಿನ ಪೇಟೆಗೆ ಇಳಿದರೂ ಜೀನ್ಸ್ ಪ್ಯಾಂಟ್ ಇಲ್ಲದ ಅಂಗಡಿ ಸಿಗಲಿಕ್ಕಿಲ್ಲ. ಅದರ ಕಿಸೆಯ ಮೂಲೆಯನ್ನು ಒಮ್ಮೆ ನೋಡಿ. ಅಲ್ಲೊಂದು ಸಣ್ಣ ಲೋಹದ ಗುಂಡಿಯಂಥದ್ದು ಉಂಟು. ಅದು ಗುಂಡಿಯೂ ಅಲ್ಲ, ಚಂದಕ್ಕೆ ಹಾಕಿದ್ದೂ ಅಲ್ಲ. ಅದನ್ನು ರಿವೆಟ್ ಅಂತಾರೆ. ಕಿಸೆ ಹರಿಯದ ಹಾಗೆ ಹಿಡಿದಿಡುವುದೇ ಅದರ ಕೆಲಸ. ಆ ಸಣ್ಣ ರಿವೆಟ್‌ನ ಹಿಂದೆ ಇಬ್ಬರು ವಲಸಿಗರ ಕಥೆ ಇದೆ. ಒಬ್ಬರು ದರ್ಜಿ, ಇನ್ನೊಬ್ಬರು ಜವಳಿ ವ್ಯಾಪಾರಿ. ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರಲ್ಲ.

ಆ ಜವಳಿ ವ್ಯಾಪಾರಿಯೇ ಲೆವಿ ಸ್ಟ್ರಾಸ್. ಹೆಸರು ಲೋಕಕ್ಕೆಲ್ಲ ಗೊತ್ತು, ಬದುಕು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನ್ ನಾಡುಗಳಿಂದ ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. 1850ರ ದಶಕವೊಂದರಲ್ಲೇ ಹಾಗೆ ಹೋದವರು ಒಂಬತ್ತು ಲಕ್ಷಕ್ಕೂ ಹೆಚ್ಚು. ಬೆಳೆ ಕೈಕೊಟ್ಟದ್ದರಿಂದ ಹೋದವರು, ಜಮೀನಿಲ್ಲದೆ ಹೋದವರು, 1848ರ ಕ್ರಾಂತಿ ಸೋತ ಮೇಲೆ ತಲೆ ಉಳಿಸಿಕೊಳ್ಳಲು ಹೋದವರು, ಎಲ್ಲರೂ ಅದರಲ್ಲಿ ಇದ್ದರು. ಲೆವಿ ಕುಟುಂಬ ಊರು ಬಿಡಲು ಇನ್ನೊಂದು ಕಾರಣವೂ ಇತ್ತು. ಅದು ಕಾನೂನು.

ಪಟ್ಟಿಯಲ್ಲಿ ಜಾಗವಿಲ್ಲದ ಊರು

1829ರ ಫೆಬ್ರವರಿ 26ರಂದು ಬವೇರಿಯಾದ ಬಟೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಆ ಹುಡುಗನಿಗೆ ಮನೆಯಲ್ಲಿ ಇಟ್ಟ ಹೆಸರು ಲೋಬ್. ಆಗ ಜರ್ಮನಿ ಅಂತ ಒಂದು ದೇಶವೇ ಇರಲಿಲ್ಲ, ಬವೇರಿಯಾ ತನ್ನದೇ ರಾಜನಿದ್ದ ಬೇರೆ ರಾಜ್ಯ. ತಂದೆ ಹಿರ್ಶ್ ಸ್ಟ್ರಾಸ್ ಬಟ್ಟೆಬರೆ, ಸಣ್ಣಪುಟ್ಟ ಸಾಮಾನು ಹೊತ್ತು ಊರೂರು ಸುತ್ತಿ ಮಾರುವವರು. ಮೊದಲ ಹೆಂಡತಿ ತೀರಿಹೋದ ಮೇಲೆ ರೆಬೆಕ್ಕಾ ಅವರನ್ನು ಮದುವೆಯಾದರು. ಮೊದಲ ಹೆಂಡತಿಯಿಂದ ಐದು ಮಕ್ಕಳು, ರೆಬೆಕ್ಕಾ ಅವರಿಂದ ಇಬ್ಬರು. ಮಗಳು ಫೋಗೆಲಾ, ಮಗ ಲೋಬ್. ಮನೆಗೆ ಅವನೇ ಕಿರಿಯವ.

ಅವರದು ಯಹೂದಿ ಕುಟುಂಬ. ಬವೇರಿಯಾದಲ್ಲಿ 1813ರಲ್ಲಿ ಬಂದ ಒಂದು ಕಾಯ್ದೆ ಪ್ರಕಾರ ಪ್ರತಿ ಊರಿನಲ್ಲಿ ಎಷ್ಟು ಯಹೂದಿ ಕುಟುಂಬಗಳು ಇರಬಹುದು ಅಂತ ಸರಕಾರವೇ ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟಿತ್ತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅಲ್ಲಿ ನೆಲೆ, ಸಂಸಾರ. ಒಬ್ಬ ಸತ್ತರೆ ಅಥವಾ ಊರು ಬಿಟ್ಟರೆ ಮಾತ್ರ ಇನ್ನೊಬ್ಬನಿಗೆ ಜಾಗ ಖಾಲಿ. ತಂದೆಯ ಸ್ಥಾನ ಸಾಮಾನ್ಯವಾಗಿ ದೊಡ್ಡ ಮಗನಿಗೆ ಹೋಗುತ್ತಿತ್ತು. ಉಳಿದ ಗಂಡುಮಕ್ಕಳು ಏನು ಮಾಡಬೇಕು? ಮದುವೆಯಾಗದೆ ಇರಬೇಕು, ಇಲ್ಲಾಂದ್ರೆ ದೇಶ ಬಿಡಬೇಕು. ಯಾರನ್ನೂ ಕತ್ತು ಹಿಡಿದು ಹೊರಗೆ ದಬ್ಬಲಿಲ್ಲ. ಬದುಕುವ ದಾರಿ ಮಾತ್ರ ಒಂದೊಂದಾಗಿ ಮುಚ್ಚಿಕೊಂಡು ಬಂತು. ಈ ಕಾಯ್ದೆ ರದ್ದಾದದ್ದು 1861ರಲ್ಲಿ. ಅಷ್ಟರೊಳಗೆ ಬವೇರಿಯಾದ ಹಳ್ಳಿಗಳ ಎಷ್ಟೋ ಯಹೂದಿ ಯುವಕರು ಅಮೆರಿಕ ಸೇರಿಯಾಗಿತ್ತು.

ಸ್ಟ್ರಾಸ್ ಮನೆಯಿಂದ ಮೊದಲು ಹೋದವರು ಹಿರಿಯ ಮಕ್ಕಳಾದ ಜೋನಾಸ್ ಮತ್ತು ಲೂಯಿ. ಅವರು ನ್ಯೂಯಾರ್ಕ್‌ನಲ್ಲಿ ಜವಳಿ ವ್ಯಾಪಾರಕ್ಕೆ ಇಳಿದರು. 1846ರಲ್ಲಿ ತಂದೆ ಹಿರ್ಶ್ ಕ್ಷಯರೋಗದಿಂದ ತೀರಿಕೊಂಡರು. ದುಡಿಯುವ ಕೈ ಹೋಯಿತು, ಊರಿನಲ್ಲಿ ಇದ್ದ ಹಿಡಿತವೂ ಹೋಯಿತು. ವಿಧವೆ ರೆಬೆಕ್ಕಾ ಗಟ್ಟಿ ನಿರ್ಧಾರ ಮಾಡಿದರು. 1847ರಲ್ಲಿ ವಲಸೆಗೆ ಸರಕಾರದ ಪರವಾನಗಿ ಕೇಳಿ, ಲೋಬ್, ಫೋಗೆಲಾ ಮತ್ತು ಗಂಡನ ಮೊದಲ ಹೆಂಡತಿಯ ಮಗಳು ಮಥಿಲ್ಡಾ ಇವರನ್ನು ಕರೆದುಕೊಂಡು ಊರು ಬಿಟ್ಟರು. ಲೋಬ್‌ಗೆ ಆಗ ಹದಿನೆಂಟು.

ಆ ಕಾಲದ ಹಡಗು ಪ್ರಯಾಣ ಅಂದರೆ ಸಣ್ಣ ಮಾತಲ್ಲ. ಹಾಯಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟಲು ವಾರಗಟ್ಟಲೆ ಬೇಕು, ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು. ಬಡವರಿಗೆ ಸಿಗುತ್ತಿದ್ದದ್ದು ಹಡಗಿನ ಕೆಳಗಿನ ಅಂತಸ್ತು. ಬೆಳಕಿಲ್ಲ, ಗಾಳಿಯಿಲ್ಲ, ಒಬ್ಬರ ಮೈಗೆ ಒಬ್ಬರು ತಾಗಿಕೊಂಡು ಮಲಗಬೇಕು. ಕಾಯಿಲೆ ಬಂದರೆ ಒಬ್ಬರಿಂದ ಒಬ್ಬರಿಗೆ ಹರಡುತ್ತಿತ್ತು. ದಾರಿಯಲ್ಲೇ ಸತ್ತು ಸಮುದ್ರ ಸೇರಿದವರ ಲೆಕ್ಕ ಕಡಿಮೆಯೇನಲ್ಲ.

ಹೊಸ ದೇಶ, ಹೊಸ ಹೆಸರು

ನ್ಯೂಯಾರ್ಕ್‌ನಲ್ಲಿ ಇಳಿದವರಿಗೆ ಒಂದು ಅನುಕೂಲ ಇತ್ತು, ಅಣ್ಣಂದಿರು ಮೊದಲೇ ಅಲ್ಲಿ ಕಾಲೂರಿದ್ದರು. ಊಟಕ್ಕೆ ಮನೆ, ಕೆಲಸಕ್ಕೆ ಅಂಗಡಿ, ದಾರಿ ಹೇಳಲು ಸ್ವಂತ ಜನ. ಜರ್ಮನ್ ವಲಸೆಯಲ್ಲಿ ಇದೇ ಪದ್ಧತಿ. ಮನೆಯಿಂದ ಒಬ್ಬ ಹೋಗುವುದು, ನೆಲೆ ಕಂಡುಕೊಳ್ಳುವುದು, ಆಮೇಲೆ ಟಿಕೆಟ್ ಹಣ ಕಳಿಸಿ ಉಳಿದವರನ್ನು ಕರೆಸಿಕೊಳ್ಳುವುದು. ನ್ಯೂಯಾರ್ಕ್‌ನ ಒಂದು ಭಾಗಕ್ಕೆ ಪುಟ್ಟ ಜರ್ಮನಿ ಅಂತಲೇ ಹೆಸರಾಗಿತ್ತು. ಅಲ್ಲಿ ಜರ್ಮನ್ ಬೇಕರಿ, ಜರ್ಮನ್ ಪತ್ರಿಕೆ, ಜರ್ಮನ್ ಹಾಡಿನ ಸಂಘ ಎಲ್ಲ ಇದ್ದವು. ಭಾಷೆ ಬಾರದ ಹೊಸಬನಿಗೆ ಅದೇ ಆಸರೆ.

ಆದರೆ ಹೊರಗಿನ ಗಿರಾಕಿಗಳ ಜೊತೆ ವ್ಯಾಪಾರ ಮಾಡಬೇಕಾದರೆ ಅವರ ನಾಲಿಗೆಗೆ ಹೊಂದುವ ಹೆಸರು ಬೇಕು. ಲೋಬ್ ಹೋಗಿ ಲೆವಿ ಆಯಿತು. ಅಕ್ಕ ಫೋಗೆಲಾ ಫ್ಯಾನಿ ಆದರು. ಮನೆತನದ ಹೆಸರು ಮಾತ್ರ ಬಿಡಲಿಲ್ಲ. ಅಣ್ಣಂದಿರ ಅಂಗಡಿಯಲ್ಲಿ ಲೆವಿ ಜವಳಿಯ ಒಳಗುಟ್ಟು ಕಲಿತರು. ಯಾವ ಬಟ್ಟೆ ಎಷ್ಟು ಬಾಳಿಕೆ ಬರುತ್ತದೆ, ಯಾವ ಮಾಲು ಯಾವ ಊರಿಗೆ ಹೋಗುತ್ತದೆ, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಇವೆಲ್ಲ ಅಂಗಡಿಯಲ್ಲಿ ನಿಂತೇ ಕಲಿಯಬೇಕು.

ಅಷ್ಟರಲ್ಲಿ ಅಮೆರಿಕದ ಇನ್ನೊಂದು ತುದಿಯಲ್ಲಿ ದೊಡ್ಡ ಗದ್ದಲ ಎದ್ದಿತ್ತು. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಸುಮಾರು ಸಾವಿರ ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೋ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಜನರ ಪಟ್ಟಣವಾಯಿತು. ಗಣಿಗೆ ಓಡಿದವರಲ್ಲಿ ಹೆಚ್ಚಿನವರು ಬರಿಗೈಲೇ ಉಳಿದರು. ಆದರೆ ಅಗೆಯುವವನಿಗೆ ಬೂಟು ಬೇಕು, ಅಂಗಿ ಬೇಕು, ಕಂಬಳಿ ಬೇಕು. ಚಿನ್ನ ಸಿಕ್ಕರೂ ಬೇಕು, ಸಿಗದಿದ್ದರೂ ಬೇಕು. ಸ್ಟ್ರಾಸ್ ಕುಟುಂಬ ಈ ಲೆಕ್ಕವನ್ನು ಸರಿಯಾಗಿ ಹಾಕಿತು.

1853ರ ಜನವರಿಯಲ್ಲಿ ಲೆವಿ ಅಮೆರಿಕದ ಪೌರತ್ವ ಪಡೆದರು. ಅದೇ ವರ್ಷ ನ್ಯೂಯಾರ್ಕ್ ಬಿಟ್ಟು ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದರು. ಖಂಡದ ಆಚೆಯಿಂದ ಈಚೆಗೆ ರೈಲು ಆಗ ಇರಲಿಲ್ಲ. ಹಡಗಿನಲ್ಲಿ ಪನಾಮಾದ ತನಕ ಹೋಗಿ, ಸೊಳ್ಳೆ ಮತ್ತು ಜ್ವರಕ್ಕೆ ಹೆಸರಾದ ಆ ಕಿರಿದಾದ ನೆಲವನ್ನು ದಾಟಿ, ಆಚೆ ಕಡೆ ಇನ್ನೊಂದು ಹಡಗು ಹತ್ತಬೇಕು. ಇಪ್ಪತ್ನಾಲ್ಕರ ಹರೆಯದ ಲೆವಿ ಅಲ್ಲಿ ಇಳಿದದ್ದು ಚಿನ್ನ ಅಗೆಯಲಿಕ್ಕಲ್ಲ, ಅಣ್ಣಂದಿರ ಜವಳಿಯ ಪಶ್ಚಿಮ ಕರಾವಳಿಯ ಹೋಲ್‌ಸೇಲ್ ವ್ಯಾಪಾರ ನೋಡಿಕೊಳ್ಳಲಿಕ್ಕೆ.

ಬಂದರಿನ ಬದಿಯ ಹೋಲ್‌ಸೇಲ್

ವ್ಯಾಪಾರ ನಡೆಯುತ್ತಿದ್ದದ್ದು ಹೀಗೆ. ನ್ಯೂಯಾರ್ಕ್‌ನಿಂದ ಅಣ್ಣಂದಿರು ಮಾಲು ತುಂಬಿ ಹಡಗಿನಲ್ಲಿ ಕಳಿಸುವುದು. ಬಟ್ಟೆಯ ಥಾನು, ಸಿದ್ಧ ಉಡುಪು, ಒಳಉಡುಪು, ಕರವಸ್ತ್ರ, ಕಂಬಳಿ ಎಲ್ಲ ಅದರಲ್ಲಿ ಇರುತ್ತಿತ್ತು. ಲೆವಿ ಅದನ್ನು ಬಂದರಿನಲ್ಲಿ ಇಳಿಸಿಕೊಂಡು ಕ್ಯಾಲಿಫೋರ್ನಿಯಾದ ಒಳನಾಡಿನ, ಗಣಿ ಊರುಗಳ ಸಣ್ಣ ಅಂಗಡಿಯವರಿಗೆ ಮಾರುವುದು. ಬಂದ ಹಣವನ್ನು ಚಿನ್ನದ ರೂಪದಲ್ಲಿ ಮತ್ತೆ ನ್ಯೂಯಾರ್ಕ್‌ಗೆ ಕಳಿಸುವುದು. ನಡುವೆ ತಿಂಗಳುಗಟ್ಟಲೆ ಸಮಯ. ಹಡಗು ತಡವಾದರೆ ಅಂಗಡಿ ಖಾಲಿ, ಒಂದೇ ದಿನ ನಾಲ್ಕು ಹಡಗು ಬಂದರೆ ಬೆಲೆ ಪಾತಾಳಕ್ಕೆ. ಫೋನಿಲ್ಲ, ಖಂಡ ದಾಟುವ ತಂತಿ ಇನ್ನೂ ಬಂದಿಲ್ಲ. ನಡೆದದ್ದೆಲ್ಲ ಒಡಹುಟ್ಟಿದವರ ನಡುವಿನ ನಂಬಿಕೆಯ ಮೇಲೆ.

ನಷ್ಟ ಬರಲಿಲ್ಲ ಅಂತೇನಿಲ್ಲ. 1857ರ ಸೆಪ್ಟೆಂಬರ್‌ನಲ್ಲಿ ಸೆಂಟ್ರಲ್ ಅಮೆರಿಕ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಕ್ಯಾಲಿಫೋರ್ನಿಯಾದ ವ್ಯಾಪಾರಿಗಳು ಕಳಿಸಿದ್ದ ಚಿನ್ನ ಅದರಲ್ಲಿ ಇತ್ತು. ಲೆವಿ ಕಳಿಸಿದ್ದೇ 76 ಸಾವಿರ ಡಾಲರ್‌ಗೂ ಹೆಚ್ಚು. ಆ ಕಾಲಕ್ಕೆ ಅದು ಒಂದು ದೊಡ್ಡ ವ್ಯಾಪಾರವನ್ನೇ ಮುಳುಗಿಸುವಷ್ಟು ಹಣ. ಆದರೂ ಸ್ಟ್ರಾಸ್ ಕುಟುಂಬದ ಅಂಗಡಿ ಬಾಗಿಲು ಹಾಕಲಿಲ್ಲ.

ಅಕ್ಕ ಫ್ಯಾನಿ ಮತ್ತು ಭಾವ ಡೇವಿಡ್ ಸ್ಟರ್ನ್ ಕೂಡ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಡೇವಿಡ್ ವ್ಯಾಪಾರದಲ್ಲಿ ಪಾಲುದಾರರಾದರು. ಲೆವಿ ಮದುವೆಯಾಗಲೇ ಇಲ್ಲ. ಅಕ್ಕನ ಮನೆಯೇ ಅವರ ಮನೆ, ಅಕ್ಕನ ಮಕ್ಕಳೇ ಅವರ ಮಕ್ಕಳು. 1863ರಲ್ಲಿ ಸಂಸ್ಥೆಗೆ ಲೆವಿ ಸ್ಟ್ರಾಸ್ ಅಂಡ್ ಕಂಪನಿ ಎಂಬ ಹೆಸರು ಬಂತು. 1866ರಲ್ಲಿ ಬ್ಯಾಟರಿ ಸ್ಟ್ರೀಟ್‌ನ ದೊಡ್ಡ ಕಟ್ಟಡಕ್ಕೆ ಹೋದರು. ಅಷ್ಟೊತ್ತಿಗೆ ಲೆವಿ ಊರಿನ ದೊಡ್ಡ ವ್ಯಾಪಾರಿಗಳ ಸಾಲಿಗೆ ಸೇರಿದ್ದರು. ಜೀನ್ಸ್ ಹುಟ್ಟಲು ಆಗಲೂ ಏಳು ವರ್ಷ ಬಾಕಿ ಇತ್ತು.

ದರ್ಜಿ ಬರೆಸಿದ ಕಾಗದ

ನೆವಾಡಾ ರಾಜ್ಯದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದರು. ಅವರೂ ವಲಸಿಗರೇ. ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ರೀಗಾದಲ್ಲಿ ಹುಟ್ಟಿದವರು. ಕುದುರೆ ಕಂಬಳಿ, ಡೇರೆ, ಬಂಡಿಯ ಹೊದಿಕೆ ಹೊಲಿಯುತ್ತಿದ್ದರು. ಬಟ್ಟೆ ತರಿಸುತ್ತಿದ್ದದ್ದು ಲೆವಿ ಅವರ ಅಂಗಡಿಯಿಂದ. ಒಮ್ಮೆ ಒಬ್ಬ ಕೂಲಿಯವನ ಹೆಂಡತಿ ಬಂದು, ಗಂಡನಿಗೆ ಬೇಗ ಹರಿಯದಂಥ ಪ್ಯಾಂಟ್ ಹೊಲಿದು ಕೊಡಲು ಕೇಳಿದಳು. ಕಿಸೆಯಲ್ಲಿ ಸಾಮಾನು ತುಂಬಿ ತುಂಬಿ ಮೂಲೆಯಲ್ಲೇ ಹರಿಯುವುದು ಆ ಕೂಲಿಯವರ ನಿತ್ಯದ ಗೋಳು. ಮೇಜಿನ ಮೇಲೆ ಕುದುರೆ ಕಂಬಳಿಗೆ ಹಾಕುವ ತಾಮ್ರದ ರಿವೆಟ್ ಬಿದ್ದಿದ್ದವು. ಡೇವಿಸ್ ಅದನ್ನೇ ಕಿಸೆಯ ಮೂಲೆಗೆ ಬಡಿದರು. ಪ್ಯಾಂಟ್ ಗಟ್ಟಿ ನಿಂತಿತು. ಸುದ್ದಿ ಹರಡಿ ಗಿರಾಕಿಗಳು ಸಾಲುಗಟ್ಟಿದರು.

ಡೇವಿಸ್‌ಗೆ ಭಯ ಹಿಡಿಯಿತು. ಬೇರೆಯವರು ನೋಡಿ ನಕಲು ಮಾಡಿದರೆ? ಪೇಟೆಂಟ್ ಮಾಡಿಸಬೇಕು, ಆದರೆ ಅದಕ್ಕೆ 68 ಡಾಲರ್ ಖರ್ಚು. ಇಂಗ್ಲಿಷ್ ಬರವಣಿಗೆ ಗಟ್ಟಿಯಿಲ್ಲದ ಕಾರಣ ಊರಿನ ಔಷಧಿ ಅಂಗಡಿಯವರ ಸಹಾಯ ಪಡೆದು 1872ರಲ್ಲಿ ಲೆವಿ ಅವರಿಗೆ ಕಾಗದ ಬರೆಸಿದರು. ಖರ್ಚು ನೀವು ಹಾಕಿ, ಹಕ್ಕಿನಲ್ಲಿ ಇಬ್ಬರಿಗೂ ಪಾಲಿರಲಿ ಎಂಬುದು ಅದರ ಸಾರ.

ಒಬ್ಬ ದೊಡ್ಡ ಹೋಲ್‌ಸೇಲ್ ವ್ಯಾಪಾರಿಗೆ ದೂರದ ಊರಿನ ದರ್ಜಿಯ ಕಾಗದವನ್ನು ಪಕ್ಕಕ್ಕಿಡುವುದು ಸುಲಭವಿತ್ತು. ಉಪಾಯ ಕೇಳಿಕೊಂಡು ತಾವೇ ಮಾಡಿಬಿಡುವುದೂ ಕಷ್ಟವಿರಲಿಲ್ಲ. ಲೆವಿ ಎರಡನ್ನೂ ಮಾಡಲಿಲ್ಲ. ಜೊತೆಯಾಗಿ ಅರ್ಜಿ ಹಾಕಿದರು. ಅದು ಮೊದಲು ತಿರಸ್ಕೃತವಾಯಿತು. ತಿದ್ದಿ ಮತ್ತೆ ಕಳಿಸಿದರು. 1873ರ ಮೇ 20ರಂದು 139,121 ಸಂಖ್ಯೆಯ ಪೇಟೆಂಟ್ ಸಿಕ್ಕಿತು. ದಾಖಲೆಯಲ್ಲಿ ಕಂಡುಹಿಡಿದವರು ಅಂತ ಇರುವುದು ಡೇವಿಸ್ ಹೆಸರೇ, ಹಕ್ಕು ಡೇವಿಸ್ ಮತ್ತು ಕಂಪನಿ ಇಬ್ಬರದು. ಡೇವಿಸ್ ಸಂಸಾರ ಸಮೇತ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ತಯಾರಿಕೆಯ ಉಸ್ತುವಾರಿ ಹೊತ್ತರು.

ಡೆನಿಮ್ ಬಟ್ಟೆ ನ್ಯೂ ಹ್ಯಾಂಪ್‌ಶೈರ್‌ನ ಅಮೊಸ್ಕೀಗ್ ಮಿಲ್‌ನಿಂದ ಬರುತ್ತಿತ್ತು. ಕೊಳ್ಳುವವರು ಗಣಿ ಕೂಲಿಗಳು, ರೈಲು ಹಳಿ ಹಾಕುವವರು, ದನ ಕಾಯುವವರು. 1886ರಲ್ಲಿ ಎರಡು ಕುದುರೆಗಳು ಒಂದು ಪ್ಯಾಂಟನ್ನು ಎಳೆದರೂ ಹರಿಯದ ಚಿತ್ರ ಸೊಂಟದ ಪಟ್ಟಿಗೆ ಬಂತು. ಓದಲು ಬಾರದವನೂ, ಇಂಗ್ಲಿಷ್ ಅರಿಯದ ಹೊಸ ವಲಸಿಗನೂ ಚಿತ್ರ ನೋಡಿಯೇ ಮಾಲು ಗುರುತಿಸಬಹುದಿತ್ತು. 1890ರ ಸುಮಾರಿಗೆ ಪೇಟೆಂಟಿನ ಅವಧಿ ಮುಗಿದು ಯಾರು ಬೇಕಾದರೂ ರಿವೆಟ್ ಹಾಕಬಹುದು ಅಂತಾಯಿತು. ಆಗ ಉಳಿದದ್ದು ಹೆಸರಿನ ಬಲ. 501 ಎಂಬ ಸಂಖ್ಯೆ ಬಂದದ್ದೂ ಅದೇ ಕಾಲದಲ್ಲಿ.

ಅಳಿಸಲಾಗದ ಒಂದು ಕಲೆ

ಇಷ್ಟೇ ಹೇಳಿ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ, ಆದರೆ ಪೂರ್ತಿಯಾಗುವುದಿಲ್ಲ.

ಕ್ಯಾಲಿಫೋರ್ನಿಯಾಕ್ಕೆ ಜರ್ಮನ್ನರ ಹಾಗೆ ಚೀನೀಯರೂ ಬಂದಿದ್ದರು. ಖಂಡ ದಾಟುವ ರೈಲಿನ ಪಶ್ಚಿಮ ಭಾಗವನ್ನು ಬೆಟ್ಟ ಕೊರೆದು ಕಟ್ಟಿದವರಲ್ಲಿ ಹೆಚ್ಚಿನವರು ಅವರೇ. 1869ರಲ್ಲಿ ಆ ಕೆಲಸ ಮುಗಿದ ಮೇಲೆ ತುಂಬ ಜನ ಸ್ಯಾನ್ ಫ್ರಾನ್ಸಿಸ್ಕೋದ ಹೊಲಿಗೆ, ಬೂಟು, ಸಿಗಾರ್ ಕೆಲಸಕ್ಕೆ ಸೇರಿದರು. 1870ರ ದಶಕದಲ್ಲಿ ವ್ಯಾಪಾರ ಕುಸಿದು ಕೆಲಸ ಹೋದಾಗ ಸಿಟ್ಟು ಅವರ ಮೇಲೆ ತಿರುಗಿತು. ಅವರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. 1882ರಲ್ಲಿ ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನೇ ತಡೆಯುವ ಕಾನೂನು ಬಂತು. ಲೆವಿ ಅವರಿಗೆ ಕೆಲವೇ ವರ್ಷಗಳಲ್ಲಿ ಸಿಕ್ಕಿದ್ದ ಪೌರತ್ವ ಚೀನೀಯರಿಗೆ ಎಷ್ಟು ವರ್ಷ ದುಡಿದರೂ ಸಿಗುವಂತಿರಲಿಲ್ಲ.

ಆ ದಿನಗಳಲ್ಲಿ ಲೆವಿ ಅವರ ಕಂಪನಿಯೂ ಗಾಳಿ ಬಂದ ಕಡೆ ಬಾಗಿತು. ಚೀನೀಯರನ್ನು ಕೆಲಸಕ್ಕೆ ಇಟ್ಟುಕೊಳ್ಳದ ನೀತಿ ಮಾಡಿಕೊಂಡಿತು. ತನ್ನ ಮಾಲು ಬಿಳಿಯ ಕಾರ್ಮಿಕರ ಕೈಯಲ್ಲೇ ತಯಾರಾದದ್ದು ಅಂತ ಜಾಹೀರಾತು ಕೊಟ್ಟಿತು. ಪ್ಯಾಂಟಿನ ಕಿಸೆಯ ಒಳಬಟ್ಟೆಯ ಮೇಲೂ ಅದನ್ನು ಅಚ್ಚು ಹಾಕಿಸಿತು. 2022ರಲ್ಲಿ ಹಳೆಯ ಗಣಿಯಲ್ಲಿ ಸಿಕ್ಕ ಅಂಥ ಒಂದು ಪ್ಯಾಂಟ್ ಹರಾಜಿಗೆ ಬಂದಾಗ ಆ ಅಕ್ಷರಗಳನ್ನು ಲೋಕವೆಲ್ಲ ಓದಿತು. ಆ ನೀತಿಯನ್ನು 1890ರ ದಶಕದಲ್ಲಿ ಕೈಬಿಟ್ಟದ್ದಾಗಿ ಕಂಪನಿ ಹೇಳಿದೆ.

ಹುಟ್ಟಿದ ಊರಿನಲ್ಲಿ ನಿಮ್ಮ ಜನಕ್ಕೆ ಇಷ್ಟೇ ಜಾಗ ಅಂತ ಹೇಳಿಸಿಕೊಂಡು ಬಂದ ಮನೆತನ ಅದು. ಬಂದ ನೆಲದಲ್ಲಿ ಇನ್ನೊಂದು ಜನಕ್ಕೆ ಜಾಗವಿಲ್ಲ ಅಂತ ಕೂಗು ಎದ್ದಾಗ ಅವರ ಮಾಲಿನ ಮೇಲೂ ಅದೇ ಕೂಗು ಅಚ್ಚಾಯಿತು. ಮಾರುಕಟ್ಟೆ ಕೇಳಿತು, ಎಲ್ಲರೂ ಹಾಗೇ ಮಾಡುತ್ತಿದ್ದರು ಎಂಬ ಸಮಜಾಯಿಷಿ ಕೊಡಬಹುದು. ಬವೇರಿಯಾದ ಊರುಗಳಲ್ಲಿ ಪಟ್ಟಿ ನೋಡಿ ಬಾಗಿಲು ಮುಚ್ಚಿದವರಿಗೂ ಅದೇ ಸಮಜಾಯಿಷಿ ಇತ್ತು. ಲೆವಿ ಒಳ್ಳೆಯ ವ್ಯಾಪಾರಿ ಎಂಬುದು ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಕೊಟ್ಟ ಕೈ

ಅವರ ದಾನದ ಲೆಕ್ಕ ಬೇರೆಯೇ ಉಂಟು. ಬಂದ ಮರುವರ್ಷವೇ, 1854ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಅನಾಥಾಲಯಕ್ಕೆ 5 ಡಾಲರ್ ಕೊಟ್ಟದ್ದು ದಾಖಲೆಯಲ್ಲಿದೆ. ಆಮೇಲೆ ಆ ಕೈ ನಿಲ್ಲಲಿಲ್ಲ. ತಮ್ಮ ಸಮುದಾಯದ ಎಮಾನು-ಎಲ್ ಪ್ರಾರ್ಥನಾ ಮಂದಿರದ ಕೆಲಸಗಳಿಗೆ ನೆರವಾದರು, ಅಲ್ಲಿ ಓದಿನಲ್ಲಿ ಮುಂದಿದ್ದ ಮಕ್ಕಳಿಗೆ ಕೊಡುವ ಚಿನ್ನದ ಪದಕಕ್ಕೂ ಹಣ ಕೊಟ್ಟರು. 1897ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 28 ವಿದ್ಯಾರ್ಥಿವೇತನಗಳನ್ನು ಕೊಟ್ಟರು. ರಾಜ್ಯದ ಏಳು ಕ್ಷೇತ್ರಗಳಿಗೆ ತಲಾ ನಾಲ್ಕರಂತೆ ಹಂಚಿದ್ದರಿಂದ ದೂರದ ಊರಿನ ಮಕ್ಕಳಿಗೂ ಪಾಲು ಸಿಕ್ಕಿತು. ತಾವು ಹದಿನೆಂಟಕ್ಕೇ ಅಂಗಡಿ ಸೇರಿದವರು, ಬೇರೆಯವರ ಮಕ್ಕಳನ್ನು ಕಾಲೇಜಿಗೆ ಕಳಿಸಿದರು. ಆ ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ.

ಬ್ಯಾಂಕ್, ವಿಮೆ, ಗ್ಯಾಸ್ ಕಂಪನಿಗಳ ಆಡಳಿತ ಮಂಡಳಿಯಲ್ಲೂ ಅವರು ಇದ್ದರು. ಒಂದೇ ರೈಲು ಕಂಪನಿ ಸಾಗಾಟದ ದರವನ್ನು ಮನಸ್ಸಿಗೆ ಬಂದ ಹಾಗೆ ಏರಿಸುತ್ತಿದ್ದಾಗ ವ್ಯಾಪಾರಿಗಳೆಲ್ಲ ಸೇರಿ ಬೇರೆ ರೈಲು ಮಾರ್ಗಕ್ಕೆ ಹಣ ಹಾಕಿದರು, ಲೆವಿಯೂ ಅವರ ಜೊತೆ ನಿಂತರು. ಇಷ್ಟಾದರೂ ಕೆಲಸದವರು ತಮ್ಮನ್ನು ಲೆವಿ ಅಂತಲೇ ಕರೆಯಬೇಕು ಎಂಬುದು ಅವರ ಇಷ್ಟವಾಗಿತ್ತು.

1874ರಲ್ಲಿ ಭಾವ ಡೇವಿಡ್, 1884ರಲ್ಲಿ ಅಕ್ಕ ಫ್ಯಾನಿ ತೀರಿಕೊಂಡರು. 1890ರಲ್ಲಿ ಕಂಪನಿ ನೋಂದಣಿಯಾಗುವ ಹೊತ್ತಿಗೆ ಅಕ್ಕನ ಗಂಡುಮಕ್ಕಳು ವ್ಯಾಪಾರಕ್ಕೆ ಹೆಗಲು ಕೊಟ್ಟಿದ್ದರು. 1902ರ ಸೆಪ್ಟೆಂಬರ್ 26ರಂದು ಲೆವಿ ತಮ್ಮ ಮನೆಯಲ್ಲಿ ಕಣ್ಣು ಮುಚ್ಚಿದರು. ವಯಸ್ಸು 73. ಅಂತ್ಯಕ್ರಿಯೆಯ ದಿನ ಊರಿನ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದು ಸೇರಿದರು. ಉಯಿಲು ಓದಿದಾಗ ಆಸ್ತಿಯ ಹೆಚ್ಚಿನ ಪಾಲು ಸೋದರಳಿಯಂದಿರಿಗೆ ಹೋಗಿತ್ತು. ಅದರ ಜೊತೆ ಯಹೂದಿ ಅನಾಥಾಲಯ, ವೃದ್ಧರ ಮನೆ, ಹಾಗೆಯೇ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಅನಾಥಾಲಯಗಳಿಗೂ ಹಣ ಬರೆದಿಟ್ಟಿದ್ದರು.

ನಾಲ್ಕು ವರ್ಷ ಕಳೆದು 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಕಂಪ ಬಡಿಯಿತು, ಹಿಂದೆಯೇ ಬೆಂಕಿ. ಬ್ಯಾಟರಿ ಸ್ಟ್ರೀಟ್‌ನ ಕಟ್ಟಡ, ಕಾರ್ಖಾನೆ, ಲೆಕ್ಕದ ಪುಸ್ತಕ ಎಲ್ಲ ಬೂದಿಯಾದವು. ಸೋದರಳಿಯಂದಿರು ಕೆಲಸದವರ ಸಂಬಳ ನಿಲ್ಲಿಸಲಿಲ್ಲ. ನಷ್ಟವಾದ ಸಣ್ಣ ಅಂಗಡಿಯವರಿಗೆ ಸಾಲ ಕೊಟ್ಟು ಎಬ್ಬಿಸಿದರು. ಕಾಗದಪತ್ರ ಸುಟ್ಟುಹೋದ ಜಾಗದಲ್ಲಿ ಕಟ್ಟುಕಥೆಗಳು ಬೆಳೆದವು. ಲೆವಿ ಡೇರೆಯ ಬಟ್ಟೆ ತಂದು ಚಿನ್ನ ಅಗೆಯುವವರಿಗೆ ಪ್ಯಾಂಟ್ ಹೊಲಿದರು ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ಅವರು ಹೊಲಿದವರಲ್ಲ. ರಿವೆಟ್ ಪ್ಯಾಂಟ್ ಬಂದದ್ದು ಅವರು ಆ ಊರಿಗೆ ಬಂದ ಇಪ್ಪತ್ತು ವರ್ಷದ ಮೇಲೆ. ಆ ಪ್ಯಾಂಟಿಗೆ ಜೀನ್ಸ್ ಎಂಬ ಹೆಸರು ಗಟ್ಟಿಯಾದದ್ದು ಅವರು ಸತ್ತು ಅರ್ಧ ಶತಮಾನ ಕಳೆದ ಮೇಲೆ.

ಬಟೆನ್‌ಹೈಮ್‌ನಲ್ಲಿ ಅವರು ಹುಟ್ಟಿದ ಮನೆ ಇನ್ನೂ ನಿಂತಿದೆ. 2000ದಿಂದ ಅದು ಮ್ಯೂಸಿಯಂ. ಊರವರೇ ಅದನ್ನು ಜೋಪಾನವಾಗಿ ನೋಡಿಕೊಳ್ಳುತ್ತಾರೆ, ಹೊರಗಿನಿಂದ ಬಂದವರಿಗೆ ತೋರಿಸುತ್ತಾರೆ. ಪಟ್ಟಿಯಲ್ಲಿ ಇನ್ನೊಂದು ಹೆಸರಿಗೆ ಜಾಗವಿಲ್ಲದಿದ್ದ ಊರು, ಈಗ ದೂರದೂರಿನ ಜನಕ್ಕೆ ಗೊತ್ತಾಗುವುದು ಆ ಒಂದು ಹೆಸರಿನಿಂದಲೇ.